ಸಿರ್ಸಿ–ಕುಮಟಾ ಘಟ್ಟದ ದಾರೀಲಿ ಕಾಡುಹೂವು ಹುಡುಕೋದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಹೂವು ನೋಡ್ಲಿಕ್ಕೆ ಅಂತ ಘಟ್ಟ ಇಳಿದು ಬಂದವ್ರು ಹೇಳೋದು ಹೆಚ್ಚಾಗಿ ಒಂದೇ ಮಾತು, "ಎಲ್ಲಾ ಬರೀ ಹಸಿರು ಮಾರಾಯ್ರೆ, ಹೂವೆಲ್ಲಿದೆ?" ಅಂತ. ಹೂವು ಇರ್ತದೆ, ಆದ್ರೆ ನಮ್ಮ ಕಾಡು ಊಟಿ ಪಾರ್ಕಿನ ಹಾಗೆ ರಸ್ತೆ ಬದಿಗೆ ಬಣ್ಣ ಬಣ್ಣದ ಸಾಲು ಹಚ್ಚಿಟ್ಟು ಕಾಯೋದಿಲ್ಲ. ಅರ್ಧ ಹೂವು ಮೂವತ್ತು ಮೀಟರ್ ಮೇಲೆ ಮರದ ತುದೀಲಿ ಇರ್ತದೆ, ಇನ್ನರ್ಧ ಧರೆಯ, ಅಂದ್ರೆ ರಸ್ತೆಗೆ ಕಡಿದ ಗುಡ್ಡದ ಗೋಡೆಯ, ಪಾಚಿ ನಡುವೆ ಉಗುರಿನಷ್ಟು ಗಾತ್ರದಲ್ಲಿ ಇರ್ತದೆ. ಕಾರಿನ ಕಿಟಕಿ ಎತ್ತರಕ್ಕೆ, ನಲವತ್ತರ ಸ್ಪೀಡಲ್ಲಿ ಕಾಣೋದು ಬಹುಪಾಲು ಲಂಟಾನ. ಹಾಗಾಗಿ ಈ ಇಡೀ ಬರಹದಲ್ಲಿ ನಾನು ಹೇಳೋದು ಇಷ್ಟೇ, ಬಣ್ಣ ಹುಡುಕಬೇಡಿ, ಜಾಗ ಹುಡುಕಿ. ಯಾವ ತಿಂಗಳು ಯಾವ ಜಾಗದಲ್ಲಿ ಏನು ಇರ್ಬೇಕು ಅಂತ ಗೊತ್ತಿದ್ರೆ ಹೂವು ತಾನಾಗಿ ಸಿಗ್ತದೆ.

ಉದಾಹರಣೆಗೆ ದೇವಿಮನೆ ಘಟ್ಟದ ದಾರಿ ತಗೊಂಡಿದ್ದೀನಿ, ಅಂದ್ರೆ ಸಿರ್ಸಿಯಿಂದ ಕತಗಾಲ, ದಿವಗಿ ಮೇಲೆ ಕುಮಟಾಕ್ಕೆ ಇಳಿಯೋ ರಾಷ್ಟ್ರೀಯ ಹೆದ್ದಾರಿ 766ಇ. ಹೆಚ್ಚುಕಮ್ಮಿ ಅರವತ್ತು ಕಿಲೋಮೀಟರ್. ಅರಬೈಲು ಘಟ್ಟಕ್ಕೋ ದೊಡ್ಮನೆ ಘಟ್ಟಕ್ಕೋ ಹೋಗೋರಿಗೂ ಇದೇ ಕ್ರಮ ನಡೀತದೆ.

ಹಂತ 1: ಮೊದಲು ತಿಂಗಳು ಗಟ್ಟಿ ಮಾಡ್ಕೊಳ್ಳಿ

ಎಲ್ಲಕ್ಕಿಂತ ಮುಖ್ಯ ಇದೇ, ಆದ್ರೆ ಜನ ರಜೆ ನೋಡಿ ಹೊರಡ್ತಾರೆ, ಹೂವು ನೋಡಿ ಅಲ್ಲ.

ಫೆಬ್ರವರಿಯಿಂದ ಮೇ ತನಕ ಮರಗಳ ಕಾಲ. ಬೂರುಗ, ಹಾಲವಾಣ ಎಲೆ ಉದುರಿಸಿ ಕೆಂಪಾಗಿ ನಿಲ್ತವೆ, ಅವು ದೂರದಿಂದಲೇ ಕಾಣ್ತವೆ. ಮುತ್ತುಗ ಬೇಕು ಅಂದ್ರೆ ಈ ಘಟ್ಟದ ಕಡೆ ಅಲ್ಲ, ಮುಂಡಗೋಡ ಹಳಿಯಾಳದ ಒಣಕಾಡಿಗೆ ಹೋಗ್ಬೇಕು. ಈ ಹೊತ್ತಿನ ನಿಜವಾದ ಮಜಾ ಸುರಗಿ. ಫೆಬ್ರವರಿ ಮಾರ್ಚಲ್ಲಿ ಬೆಳಿಗ್ಗೆ ಬೇಗ ಗಾಡಿ ಕಿಟಕಿ ಇಳಿಸಿ ಹೋದ್ರೆ ಕಣ್ಣಿಗಿಂತ ಮೊದಲು ಮೂಗಿಗೆ ಸಿಗ್ತದೆ. ಹೂವು ಎಲೆ ತುದೀಲಿ ಬಿಡೋದಿಲ್ಲ, ಎಲೆ ಉದುರಿದ ಹಳೇ ಕೊಂಬೆಗೇ ಅಂಟಿಕೊಂಡು ಗೊಂಚಲು ಗೊಂಚಲಾಗಿ ಬರ್ತದೆ, ಗುಂಡಗಿನ ಮೊಗ್ಗು, ಬಿಚ್ಚಿದ್ರೆ ನಾಲ್ಕು ಬಿಳಿ ಎಸಳು, ನಡುವೆ ಹಳದಿ ಕೇಸರದ ಪೊದೆ. ಅರಳೋ ಮೊದಲೇ ಮೊಗ್ಗು ಕೊಯ್ದು ಪೋಣಿಸ್ತಾರೆ, ಒಣಗಿದ್ರೂ ವಾಸನೆ ಹೋಗದ ಹೂವು ಅದು. ನೋಡೋರಿಗೆ ಉಳಿಯೋದು ಕೊಯ್ಯೋರ ಕೈಗೆ ಎಟುಕದ ಮೇಲಿನ ಕೊಂಬೆ ಮಾತ್ರ. ಏಪ್ರಿಲ್ ಮೇಯಲ್ಲಿ ಕಕ್ಕೆ ಹಳದಿ, ಹೊಳೆ ಹಳ್ಳದ ದಡದಲ್ಲಿ ಹೊಳೆದಾಸವಾಳ ನೇರಳೆ. ನೆಲದ ಮೇಲೆ ಇದೇ ಹೊತ್ತಿಗೆ ನೆಲಸಂಪಿಗೆ ಎಲೆ ಇಲ್ದೇ ಬರೀ ಹೂವನ್ನ ಮಣ್ಣಿಂದ ಮೇಲೆ ತಳ್ತದೆ, ಕಾಲು ಹಾಕೋ ಮೊದ್ಲು ನೋಡಿ.

ಮೇ ಕೊನೆಯಿಂದ ಜೂನ್ ಅಂದ್ರೆ ಸೀತಾಳೆ ದಂಡೆ. ಸೀತಾಳೆ ಅಂದ್ರೆ ಆರ್ಕಿಡ್. ರೋಹಿಣಿ ಮಳೆ ನಾಲ್ಕು ಹನಿ ಬಿದ್ದು ಮೃಗಶಿರ ಹಿಡಿಯೋ ಹೊತ್ತಿಗೆ ಮಾವು ಹಲಸಿನ ಹಳೇ ಮರಗಳನ್ನ ನೋಡ್ತಾ ಹೋಗಿ. ಕಾಡೊಳಗೇ ಹೋಗ್ಬೇಕು ಅಂತೇನಿಲ್ಲ, ರಸ್ತೆ ಬದಿ ಮನೆಯಂಗಳದ ಮರದಲ್ಲೂ ಇರ್ತದೆ. ಮೊಳದುದ್ದದ ಹೂಗೊಂಚಲು ಕೆಳಮುಖವಾಗಿ ಜೋತಾಡ್ತದೆ, ಹತ್ತಿರ ಹೋದ್ರೆ ಬಿಳಿ ಎಸಳಿನ ಮೇಲೆ ಗುಲಾಬಿ ಚುಕ್ಕೆ ಚುಕ್ಕೆ, ನಡುವಿನ ತುಟಿ ಮಾತ್ರ ಗಾಢ ಬಣ್ಣ. ಅಸ್ಸಾಮಿನ ರಾಜ್ಯ ಪುಷ್ಪ ಇದೇ, ಅಲ್ಲಿ ಬಿಹು ಹಬ್ಬಕ್ಕೆ ಮುಡಿಗೆ ಮುಡೀತಾರೆ. ನಮ್ಮಲ್ಲಿ ಯಾರಾದ್ರೂ ಮರದಿಂದ ಕಿತ್ತು ಮನೆ ತೋಟಕ್ಕೆ ಕಟ್ಟಿ ಎರಡು ವರ್ಷದಲ್ಲಿ ಒಣಗಿಸ್ತಾರೆ. ಮೊದಲ ಮಳೆಗೇ ಕಾಡರಿಶಿನ ಕೂಡ ನೆಲದಿಂದ ಎದ್ದು ಬರ್ತದೆ, ತುದೀಲಿರೋ ಗುಲಾಬಿ ಎಸಳು ನಿಜವಾದ ಹೂವಲ್ಲ, ಹೂವು ಅದರ ಕೆಳಗಿನ ಹಸಿರು ಬಟ್ಟಲುಗಳೊಳಗೆ ಹಳದಿಯಾಗಿ ಸಣ್ಣಗೆ ಕೂತಿರ್ತದೆ.

ಜುಲೈ ಬಿಟ್ಬಿಡಿ. ಪುನರ್ವಸು ಪುಷ್ಯದ ಜಡಿಮಳೇಲಿ ಘಟ್ಟ ನೋಡ್ಲಿಕ್ಕೆ ಚೆಂದ, ಹೂವು ಹುಡುಕ್ಲಿಕ್ಕೆ ಅಲ್ಲ. ಧರೆ ಕುಸಿಯೋ ತಿಂಗಳು ಅದು. 2024ರ ಜುಲೈ 16ರಂದು ಅಂಕೋಲಾದ ಶಿರೂರಲ್ಲಿ ಹೆದ್ದಾರಿ ಮೇಲೇ ಗುಡ್ಡ ಬಂದಿದ್ದು, 2021ರ ಜುಲೈಯಲ್ಲಿ ಯಲ್ಲಾಪುರದ ಕಳಚೆಯಲ್ಲಿ ತೋಟ ಮನೆ ಸಮೇತ ಗುಡ್ಡ ಜಾರಿದ್ದು, ಈ ಭಾಗದವ್ರು ಯಾರೂ ಮರೆತಿಲ್ಲ. ಧರೆ ಬುಡದಲ್ಲಿ ಗಾಡಿ ನಿಲ್ಲಿಸಿ ಪಾಚಿ ಫೋಟೋ ತೆಗೆಯೋ ಹೊತ್ತು ಅದಲ್ಲ.

ಒಂದೇ ಸಲ ಬರ್ಲಿಕ್ಕೆ ಆಗೋದು ಅಂದ್ರೆ ಆಗಸ್ಟ್ ನಡುವಿಂದ ಅಕ್ಟೋಬರ್ ಮೊದಲ ವಾರದ ತನಕ ಬನ್ನಿ, ಮಘೆ ಮಳೆಯಿಂದ ಹಸ್ತದ ತನಕ ಅಂತ ಇಟ್ಕೊಳ್ಳಿ. ಬಿಸಿಲು ಮಳೆ ಕಣ್ಣಾಮುಚ್ಚಾಲೆ ಆಡ್ತವೆ, ನೆಲದ ಗಿಡ ಎಲ್ಲಾ ಹೂವು ಬಿಡ್ತವೆ. ಗೌರಿ ಹೂವು, ಕರ್ಣಕುಂಡಲ, ನೆಕ್ಕರಿಕ, ಬೆಳ್ಳಟ್ಟಿ, ಕೋಷ್ಠ, ನೆಲದ ಸೀತಾಳೆ ಜಾತಿಗಳು, ಕೆಳಗೆ ಕರಾವಳಿ ಚಿರೆಕಲ್ಲಿನ (ಜಂಬಿಟ್ಟಿಗೆ ಕಲ್ಲು) ಗುಡ್ಡದ ಮೇಲಿನ ಪುಟಾಣಿ ಹೂವುಗಳು, ಎಲ್ಲಾ ಈಗಲೇ.

ನವೆಂಬರ್ ಮೇಲೆ ಸುಮಾರು ಖಾಲಿ ಅನ್ನಿಸ್ತದೆ. ಆದ್ರೂ ಘಟ್ಟದ ಇಳಿಜಾರಲ್ಲಿ ಕೆಲವು ಮರ ಇಡಿಯಾಗಿ ತುಕ್ಕು ಹಿಡಿದ ಕೆಂಪಾಗಿ ಕಾಣ್ತವಲ್ಲ, ಅದು ಕಿಂದಳ, ಹುಣಾಲು ಅಂತಲೂ ಹೇಳ್ತಾರೆ. ದೂರದಿಂದ ಹೂವು ಅಂದ್ಕೊಳ್ತೀರಿ, ಅದು ಕಾಯಿ, ರೆಕ್ಕೆ ಇರೋ ಕಾಯಿ. ಎಲೆ ಉದುರಿಸಿದ ಕೊಂಬೆಗಳ ಮೇಲೆ ಡೆಂಡ್ರೋಬಿಯಂ ಜಾತಿಯ ಬಿಳಿ ಸೀತಾಳೆಗಳು ಚಳಿಗಾಲದಲ್ಲೇ ಅರಳೋದು.

ಹಂತ 2: ದಾರಿ ಮತ್ತು ಅನುಮತಿ

ದೇವಿಮನೆ ಘಟ್ಟಕ್ಕೆ ಬೇರೆ ಪಾಸು ಗೀಸು ಬೇಡ, ಸಾರ್ವಜನಿಕ ಹೆದ್ದಾರಿ. ಆದ್ರೆ ಕಾಮಗಾರಿ ಅಂತಲೋ ಧರೆ ಕುಸಿತ ಅಂತಲೋ ಆಗಾಗ ಬಂದ್ ಮಾಡೋದುಂಟು, ಮಳೆಗಾಲದಲ್ಲಂತೂ ಹೊರಡೋ ಹಿಂದಿನ ದಿನ ಲೋಕಲ್ ಸುದ್ದಿ ನೋಡ್ಲೇಬೇಕು. ಕಾರವಾರ ಕಡೆಯವ್ರಿಗೆ ಅಣಶಿ ಘಟ್ಟ ಹತ್ತಿರ, ಕಾಡೂ ದಟ್ಟ, ಆದ್ರೆ ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. 2015ರ ತನಕ ದಾಂಡೇಲಿ-ಅಣಶಿ ಅಂತ ಹೆಸರಿತ್ತು. ಅಲ್ಲಿ ಕಂಡಲ್ಲಿ ಇಳಿದು ಕಾಡಿಗೆ ನುಗ್ಗೋ ಹಾಗಿಲ್ಲ, ಅರಣ್ಯ ಇಲಾಖೆಯವ್ರನ್ನ ಕೇಳಿ ಅವ್ರು ಬಿಟ್ಟ ಜಾಗದಲ್ಲಿ ಮಾತ್ರ.

ಹೊನ್ನಾವರದಿಂದ ಜೋಗಕ್ಕೆ ಹತ್ತೋ ಮಾಲೆಮನೆ ಘಟ್ಟದಲ್ಲಿ ಸಿದ್ದಾಪುರ ತಾಲೂಕಿನ ಕತ್ತಲೆಕಾನು ಬರ್ತದೆ, ಇದರ ಬಗ್ಗೆ ಎರಡು ಮಾತು ಹೇಳ್ದೇ ಇರ್ಲಿಕ್ಕಾಗಲ್ಲ. ಜಾಯಿಕಾಯಿ ಬಳಗದ ರಾಮಪತ್ರೆ ಜಾತಿಯ ಮರಗಳ ಜೌಗುಕಾಡು ಅದು, ನೀರೊಳಗೆ ನಿಂತ ಮರಗಳ ಬೇರು ಮೊಣಕಾಲಿನ ಹಾಗೆ ಬಾಗಿ ಮೇಲೆದ್ದು ಉಸಿರಾಡ್ತವೆ. 2000ದಲ್ಲಿ ಜಗತ್ತಿಗೆ ಹೊಸದು ಅಂತ ವರ್ಣಿಸಿದ ಒಂದು ಕಾಡುಗೇರಿನ ಮರಕ್ಕೆ ಈ ಊರಿನ ಹೆಸರನ್ನೇ ಸೇರಿಸಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ ಇಟ್ಟಿದ್ದಾರೆ. ಈ ಸುತ್ತಿನ ಕಾಡು 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಅಂತ ಘೋಷಣೆಯಾಗಿತ್ತು, 2019ರಲ್ಲಿ ಅದನ್ನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿಸಿದ್ರು. ಜೌಗಿನೊಳಗೆ ಕಾಲಿಡಬೇಡಿ, ಒಂದು ಹೆಜ್ಜೆಗೆ ಎಷ್ಟು ಸಸಿ ಸಾಯ್ತವೆ ಅಂತ ಮೇಲಿಂದ ಗೊತ್ತಾಗೋದಿಲ್ಲ.

ಇನ್ನೊಂದು ವಿಷ್ಯ ಹೊರಗಿನವ್ರಿಗೆ ಗೊತ್ತಿರಲ್ಲ. ಸಿರ್ಸಿ ಕಡೆ ರಸ್ತೆ ಬದಿಗೆ ಕಾಡಿನ ಹಾಗೇ ಕಾಣೋ ಎಷ್ಟೋ ಜಾಗ ಸೊಪ್ಪಿನ ಬೆಟ್ಟ, ಅಡಿಕೆ ತೋಟದವ್ರಿಗೆ ಸೊಪ್ಪು, ದರಕು (ಒಣ ಎಲೆ) ತರ್ಲಿಕ್ಕೆ ಹಕ್ಕಿರೋ ಜಾಗ. ಬೇಲಿ, ದಣಪೆ (ಬೇಲಿ ಬಾಗಿಲು) ಕಂಡ್ರೆ ಹತ್ತಿರದ ಮನೇಲಿ ಒಂದು ಮಾತು ಕೇಳಿ. "ಹೂವಿನ ಫೋಟೋ ತೆಗೀಲಿಕ್ಕೆ ಬಂದಿದ್ದು" ಅಂದ್ರೆ ಯಾರೂ ಬೇಡ ಅನ್ನೋದಿಲ್ಲ, ಹೆಚ್ಚು ಅಂದ್ರೆ ಒಂದು ಲೋಟ ಮಜ್ಜಿಗೆ ಕೊಟ್ಟು ಅಲ್ಲಿಂದಾಚೆ ಇನ್ನೂ ಚೆಂದದ್ದಿದೆ ಅಂತ ಕಳಿಸ್ತಾರೆ.

ಹಂತ 3: ಸಾಮಾನು

ಜಾಸ್ತಿ ಬೇಡ. ಹತ್ತು ಪಟ್ಟು ದೊಡ್ಡದಾಗಿ ಕಾಣೋ ಸಣ್ಣ ಕೈಮಸೂರ, ಇದು ಕ್ಯಾಮರಾಕ್ಕಿಂತ ಮುಖ್ಯ ಅಂತ ನನ್ನ ಅಭಿಪ್ರಾಯ. ಮೇಲೆ ಮರ ನೋಡ್ಲಿಕ್ಕೆ ಬೈನಾಕ್ಯುಲರ್ ಇದ್ರೆ ಒಳ್ಳೇದು, ಹಕ್ಕಿ ನೋಡೋರ ಹತ್ರ ಇರೋದೇ ಸಾಕು. ಕೊಡೆ, ರೇನ್‌ಕೋಟ್ ಎರಡೂ, ಯಾಕಂದ್ರೆ ಫೋಟೋ ತೆಗೆಯುವಾಗ ಕೊಡೆ ಹೂವಿಗೆ ಹಿಡೀಬೇಕು. ಫೋನ್ ಹಾಕ್ಲಿಕ್ಕೆ ಜಿಪ್ ಕವರ್. ಘಟ್ಟದಲ್ಲಿ ನೆಟ್‌ವರ್ಕ್ ನಂಬಬೇಡಿ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿ. ಪೆಟ್ರೋಲ್ ಸಿರ್ಸೀಲೇ ಹಾಕ್ಸಿ. ಒಂದು ಸಣ್ಣ ನೋಟ್‌ಬುಕ್ ಮತ್ತು ಸೀಸದ ಕಡ್ಡಿ, ಪೆನ್ನು ಮಳೇಲಿ ಅಳಿಸಿ ಹೋಗ್ತದೆ.

ಉಂಬಳಕ್ಕೆ, ಅಂದ್ರೆ ರಕ್ತ ಹೀರೋ ಜಿಗಣೆಗೆ, ಏನು ಮಾಡೋದು ಅಂತ ಎಲ್ಲರೂ ಕೇಳ್ತಾರೆ. ಉದ್ದ ಸಾಕ್ಸ್ ಒಳಗೆ ಪ್ಯಾಂಟ್ ತೂರಿಸಿ, ಸಾಕ್ಸಿಗೆ ತಂಬಾಕಿನ ನೀರು ಹಚ್ಚಿ, ಅಥವಾ ಉಪ್ಪಿನ ಪೊಟ್ಟಣ ಇಟ್ಕೊಳ್ಳಿ. ಕಚ್ಚಿದ್ರೆ ಕಿತ್ತೆಳೀಬೇಡಿ, ಸ್ವಲ್ಪ ಉಪ್ಪೋ ಸುಣ್ಣವೋ ಮುಟ್ಟಿಸಿದ್ರೆ ಬಿಟ್ಟು ಬೀಳ್ತದೆ, ರಕ್ತ ಸ್ವಲ್ಪ ಹೊತ್ತು ಸುರೀತದೆ ಅಷ್ಟೇ.

ಹಂತ 4: ಗಾಡಿ ಓಡಿಸೋದಲ್ಲ, ನಿಲ್ಲಿಸೋದು ಕಲೀರಿ

ಬೆಳಿಗ್ಗೆ ಏಳರೊಳಗೆ ಸಿರ್ಸಿ ಬಿಡಿ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಿಂದ ನೀವು ಸೊನ್ನೆಗೆ ಇಳೀತೀರಿ, ಹಾಗಾಗಿ ಮೇಲೆ ಒಂದು ಗಿಡ, ಕೆಳಗೆ ಇನ್ನೊಂದು. ರಾಗಿಹೊಸಳ್ಳಿ ಭಾಗದಲ್ಲಿ ತೋಟ, ಬೆಟ್ಟ, ಗದ್ದೆ ಕಲಸಿಕೊಂಡು ಬರ್ತದೆ, ದೇವಿಮನೆಯಿಂದ ಕೆಳಗೆ ಇಳಿಜಾರಿನ ಕಾಡು, ಕತಗಾಲ ದಾಟಿದ ಮೇಲೆ ಕರಾವಳಿ. ಮೂರೂ ಕಡೆ ಬೇರೆ ಬೇರೆ ನಿಲುಗಡೆ ಇಟ್ಕೊಳ್ಳಿ, ಒಂದೊಂದು ಕಡೆ ಅರ್ಧ ಗಂಟೆ ಕಾಲ್ನಡಿಗೆ. ಇಡೀ ಘಟ್ಟವನ್ನ ಇಪ್ಪತ್ತು ಕಡೆ ಎರಡೆರಡು ನಿಮಿಷ ನಿಲ್ಲಿಸಿ ನೋಡೋದಕ್ಕಿಂತ ಮೂರು ಕಡೆ ಸರಿಯಾಗಿ ನಡೆಯೋದು ಎಷ್ಟೋ ವಾಸಿ. ಗಾಡೀಲಿ ಕೂತು ಹೂವು ಹುಡುಕ್ತೀನಿ ಅನ್ನೋದು ಆಗೋ ಮಾತಲ್ಲ, ಗಾಡಿ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗ್ಲಿಕ್ಕೆ ಮಾತ್ರ.

ತಿರುವಲ್ಲಿ ಯಾವತ್ತೂ ನಿಲ್ಲಿಸಬೇಡಿ. ಮೀನಿನ ಗಾಡಿ, ಟ್ಯಾಂಕರ್, ಬಸ್ಸು ಇದೇ ದಾರೀಲಿ ಬರೋದು, ಬ್ರೇಕ್ ಹಾಕ್ಲಿಕ್ಕೆ ಅವ್ರಿಗೆ ಜಾಗ ಇರಲ್ಲ. ರಸ್ತೆ ಅಗಲ ಆಗಿರೋ ಕಡೆ, ಬಸ್ ಸ್ಟಾಪ್ ಆಚೆ, ದೇವಸ್ಥಾನದ ಎದುರಿನ ಬಯಲು, ಇಂಥಲ್ಲಿ ಪೂರ್ತಿ ಟಾರು ಬಿಟ್ಟು ಇಳಿಸಿ ನಿಲ್ಲಿಸಿ. ಇಳಿಜಾರಲ್ಲಿ ಎರಡನೇ ಗೇರು, ಬ್ರೇಕ್ ಮೇಲೆ ಕಾಲಿಟ್ಟೇ ಇಳೀಬೇಡಿ. ಮತ್ತೆ ಮುಖ್ಯವಾಗಿ, ಓಡಿಸೋರು ಹೂವು ನೋಡೋದಲ್ಲ. ಹುಡುಕೋ ಕೆಲಸ ಪಕ್ಕದ ಸೀಟಿನವ್ರದ್ದು, ಓಡಿಸೋರಿಗೆ ಎಷ್ಟೇ ಆಸೆ ಆದ್ರೂ.

ಹಂತ 5: ಎಲ್ಲಿ ಕಣ್ಣು ಹಾಯಿಸ್ಬೇಕು

ಇಳಿದ ಕೂಡ್ಲೇ ಮೊದಲು ನೆಲ ನೋಡಿ. ಟಾರಿನ ಮೇಲೆ ಬಿದ್ದ ಹೂವು ಅಂದ್ರೆ ಮೇಲಿನ ಮರದ ಅಡ್ರೆಸ್ಸು. ರಂಜಲದ ಹೂವು ಹೀಗೇ ಸಿಗೋದು, ನಕ್ಷತ್ರದ ಹಾಗಿರೋ ಸಣ್ಣ ಬಿಳಿ ಹೂವು ನೆಲಕ್ಕೆ ಬಿದ್ದಿರ್ತದೆ, ಮರ ನೋಡಿದ್ರೆ ಬರೀ ಎಲೆ. ಬಿದ್ದ ಹೂವನ್ನ ಎತ್ತಿ ಮಸೂರ ಹಿಡಿದು ನೋಡ್ಲಿಕ್ಕೆ ಯಾವ ಅಡ್ಡಿಯೂ ಇಲ್ಲ.

ಆಮೇಲೆ ಧರೆ. ರಸ್ತೆಗೋಸ್ಕರ ಗುಡ್ಡ ಕಡಿದ ಧರೆ ಮಳೆಗಾಲ ಪೂರ್ತಿ ನೀರು ಜಿನುಗ್ತಾ ಇರ್ತದೆ, ಬಿಸಿಲು ನೇರ ಬೀಳೋದಿಲ್ಲ, ಮೇಕೆ ದನ ಹತ್ತೋದಿಲ್ಲ. ಕರ್ಣಕುಂಡಲದ ಕಾಡು ಜಾತಿಗಳಿಗೆ ಹೇಳಿ ಮಾಡಿಸಿದ ಜಾಗ. ತಿಳಿಗುಲಾಬಿ ಹೂವು, ಪಕ್ಕದಿಂದ ನೋಡಿದ್ರೆ ಹಿಂದುಗಡೆ ದಾರದಂಥ ಬಾಲ ಇರ್ತದೆ, ಅದರ ತುದೀಲೇ ಮಕರಂದ. ಜಾತಿ ಗುರುತಿಸ್ಲಿಕ್ಕೆ ಆ ಬಾಲ ಎಷ್ಟುದ್ದ, ನೆಟ್ಟಗಿದೆಯಾ ಸೊಟ್ಟಗಿದೆಯಾ ಅನ್ನೋದೇ ಬೇಕಾಗೋದು, ಆದ್ರೆ ಎಲ್ಲರೂ ಮುಂದಿನಿಂದ ಮಾತ್ರ ಫೋಟೋ ತೆಗೆದು ಬರ್ತಾರೆ. ಬಲಿತ ಕಾಯಿ ಮುಟ್ಟಿದ್ರೆ ಪಟ್ ಅಂತ ಸಿಡಿದು ಬೀಜ ಹಾರಿಸ್ತದೆ, ಮಕ್ಕಳಿಗೆ ಇದೊಂದು ತೋರ್ಸಿದ್ರೆ ಸಾಕು, ಆಮೇಲೆ ಅವ್ರೇ ಹುಡುಕ್ತಾರೆ.

ಧರೆಯ ಮೇಲಂಚಲ್ಲಿ, ಕಾಡಿನ ಅಂಚಿನ ಪೊದೆಗಳ ಮೇಲೆ ಗೌರಿ ಹೂವು ಹಬ್ಬಿರ್ತದೆ. ಇದನ್ನ ನಿಧಾನಕ್ಕೆ ನೋಡಿ. ಎಲೆಯ ತುದಿಯೇ ಬಳ್ಳಿಯ ಕೈಯಾಗಿ ಸುರುಳಿ ಸುತ್ತಿ ಪಕ್ಕದ ಕಡ್ಡಿ ಹಿಡೀತದೆ. ಹೂವು ಕೆಳಮುಖ, ಎಸಳು ಮಾತ್ರ ಹಿಂದಕ್ಕೆ ಮಡಚಿ ಆಕಾಶ ನೋಡ್ತವೆ, ಅಂಚೆಲ್ಲಾ ಅಲೆ ಅಲೆ. ಅರಳಿದಾಗ ಬುಡ ಹಳದಿ, ತುದಿ ಕೆಂಪು, ದಿನ ಕಳೆದ ಹಾಗೆ ಪೂರ್ತಿ ಕೆಂಪು, ಹಾಗಾಗಿ ಒಂದೇ ಬಳ್ಳೀಲಿ ಎರಡು ಮೂರು ಬಣ್ಣ ಕಂಡ್ರೆ ಬೇರೆ ಬೇರೆ ಜಾತಿ ಅಂದ್ಕೋಬೇಡಿ. ಇಡೀ ಗಿಡ ವಿಷ, ಗೆಡ್ಡೆಯಂತೂ ಜೀವ ತೆಗೆಯೋ ವಿಷ, ಕಾಲ್ಚಿಸಿನ್ ಅನ್ನೋ ಅಂಶ ಇರೋದ್ರಿಂದ. ಮುಟ್ಟಿದವ್ರು ಕೈ ತೊಳೀದೇ ತಿಂಡಿ ತಿನ್ಬಾರ್ದು.

ಅದೇ ಅಂಚಲ್ಲಿ ಬೆಳ್ಳಟ್ಟಿ. ದೂರಕ್ಕೆ ಯಾರೋ ಹಸಿರು ಪೊದೆ ಮೇಲೆ ಬಿಳಿ ಕಾಗದದ ಚೂರು ಎಸೆದ ಹಾಗೆ ಕಾಣ್ತದೆ. ಆ ಬಿಳೀದು ಹೂವೂ ಅಲ್ಲ, ಎಲೆಯೂ ಅಲ್ಲ, ಹೂವಿನ ಕೆಳಗಿನ ಪುಷ್ಪಪತ್ರ (ಮೊಗ್ಗನ್ನ ಮುಚ್ಚಿರೋ ಹೊರಗಿನ ದಳ) ಒಂದು ಮಾತ್ರ ಅಷ್ಟು ದೊಡ್ಡದಾಗಿ ಬೆಳೆದು ಚಿಟ್ಟೆಗಳನ್ನ ಕರೀತದೆ, ನಿಜವಾದ ಹೂವು ಪಕ್ಕದಲ್ಲಿರೋ ಕಿತ್ತಳೆ ಬಣ್ಣದ ಸಣ್ಣ ನಳಿಕೆ. ನೇರಳೆ ಬಣ್ಣದ ಐದೆಸಳಿನ ದೊಡ್ಡ ಹೂವಿನ ಪೊದೆ ಕಂಡ್ರೆ ನೆಕ್ಕರಿಕ, ಎಲೆ ಮೇಲೆ ಉದ್ದಕ್ಕೆ ಮೂರ್ನಾಲ್ಕು ನರ ಬುಡದಿಂದ ತುದಿಗೆ ಓಡಿರ್ತವೆ, ಅದೇ ಗುರುತು. ಹಣ್ಣು ತಿಂದ್ರೆ ನಾಲಿಗೆ ನೇರಳೆ ಆಗ್ತದೆ, ಈ ಕಡೆ ಶಾಲೆಗೆ ನಡ್ಕೊಂಡು ಹೋದ ಯಾರನ್ನ ಬೇಕಾದ್ರೂ ಕೇಳಿ. ಕೆಂಪು ಗೊಂಚಲಿನ ಕಿಸ್ಕಾರವೂ ಇಲ್ಲೇ, ದಕ್ಷಿಣ ಕನ್ನಡದವ್ರು ಕೇಪಳ ಅಂತಾರೆ.

ಮೂರನೇದು ಹಳ್ಳ. ಸೇತುವೆ ಹತ್ರ ಗಾಡಿ ನಿಲ್ಲಿಸ್ಲಿಕ್ಕೆ ಜಾಗ ಇದ್ರೆ ಬಿಡ್ಲೇಬೇಡಿ. ದಡದಲ್ಲಿ ಕೋಷ್ಠ ಸಿಗ್ತದೆ, ಕಾಂಡದ ಸುತ್ತ ಎಲೆಗಳು ಸುರುಳಿ ಮೆಟ್ಟಿಲಿನ ಹಾಗೆ ಹತ್ತಿರ್ತವೆ, ತುದೀಲಿ ಕೆಂಪು ಕೋಡು, ಅದರಿಂದ ತೆಳು ಬಿಳಿ ಹೂವು. ನಿಜವಾದ ಅಶೋಕ ಕೂಡ ಹಳ್ಳದ ನೆರಳಿನ ಮರವೇ. ಪೇಟೇಲಿ ಕಾಂಪೌಂಡ್ ಬದಿಗೆ ಕಂಬದ ಹಾಗೆ ನೆಡ್ತಾರಲ್ಲ, ಅದು ಅಶೋಕ ಅಲ್ಲ. ಇದು ಗಿಡ್ಡ, ಹರಡಿದ ಮರ, ಬೇಸಿಗೇಲಿ ಕಿತ್ತಳೆ ಕೆಂಪಿನ ಗೊಂಚಲು ದಪ್ಪ ಕೊಂಬೆಗೇ ಬಿಡ್ತದೆ, ಆ ಹೂವಿಗೆ ಎಸಳೇ ಇಲ್ಲ, ಬಣ್ಣ ಪೂರ್ತಿ ಪುಷ್ಪಪತ್ರದ್ದು. ತೊಗಟೆ ಔಷಧಿಗೆ ಕೆತ್ತಿ ಕೆತ್ತಿ ಕಾಡಲ್ಲಿ ಅಪರೂಪ ಆಗ್ತಾ ಬಂದಿದೆ, ಕಂಡ್ರೆ ಜಾಗ ಊರೆಲ್ಲಾ ಸಾರಬೇಡಿ.

ನಾಲ್ಕನೇದು ಮರದ ಕೊಂಬೆ. ಸೀತಾಳೆಗಳು ಎಳೇ ಮರದಲ್ಲಿ ಕೂರೋದು ಕಮ್ಮಿ, ತೊಗಟೆ ಒರಟಾಗಿ ಪಾಚಿ ಹಿಡಿದ ಹಳೇ ಮರ ಬೇಕು. ಅಡ್ಡಕ್ಕೆ ಚಾಚಿದ ದಪ್ಪ ಕೊಂಬೆಯ ಮೇಲ್ಭಾಗ ನೋಡಿ. ಗಾಳಿಮಳೆಗೆ ಕೊಂಬೆ ಮುರಿದು ಬಿದ್ದಿದ್ರೆ ಅದು ನಮ್ಮ ಪಾಲಿಗೆ ಲೈಬ್ರರಿ, ಮೂವತ್ತು ಮೀಟರ್ ಮೇಲಿದ್ದದ್ದೆಲ್ಲಾ ಕಾಲ ಬುಡಕ್ಕೆ ಬಂದಿರ್ತದೆ.

ಕೊನೇದು ಘಟ್ಟ ಪೂರ್ತಿ ಇಳಿದ ಮೇಲೆ, ಬೋಳುಗುಡ್ಡ. ಕುಮಟಾ, ಹೊನ್ನಾವರ, ಭಟ್ಕಳ ಕಡೆ ಚಿರೆಕಲ್ಲಿನ ಗುಡ್ಡಗಳಿವೆಯಲ್ಲ, ಬೇಸಿಗೇಲಿ ಕಾದ ಹೆಂಚು, ಏನೂ ಬೆಳೆಯಲ್ಲ ಅಂತ ಎಲ್ಲರೂ ಬಿಟ್ಟ ಜಾಗ. ಆಗಸ್ಟ್ ಸೆಪ್ಟೆಂಬರಲ್ಲಿ ಅಲ್ಲಿಗೆ ಹೋಗಿ ಮೊಣಕಾಲೂರಿ ಕೂತ್ಕೊಳ್ಳಿ, ನಿಂತು ನೋಡಿದ್ರೆ ಕಾಣೋದಿಲ್ಲ. ಮಣ್ಣು ಎರಡು ಇಂಚು, ಕೆಳಗೆ ಬಂಡೆ, ನೀರು ಇಂಗೋದಿಲ್ಲ, ಸಾರಜನಕ ಬಹಳ ಕಮ್ಮಿ. ಅದಕ್ಕೇ ಇಲ್ಲಿನ ಕೆಲವು ಗಿಡಗಳು ಹುಳ ಹಿಡಿದು ತಿಂತವೆ. ಯುಟ್ರಿಕ್ಯುಲೇರಿಯ ಅಂತ ನೀಲಿ ನೇರಳೆ ಹೂವು, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಗುಡ್ಡದ ಒಂದು ಭಾಗವನ್ನೇ ನೀಲಿ ಮಾಡಿರ್ತದೆ, ನೆಲದೊಳಗೆ ಅದಕ್ಕೆ ಸಣ್ಣ ಸಣ್ಣ ಚೀಲ ಇರ್ತವೆ, ನೀರಿನ ಸೂಕ್ಷ್ಮಜೀವಿ ಹತ್ತಿರ ಬಂದ್ರೆ ಒಳಗೆ ಎಳ್ಕೊಳ್ತವೆ. ಡ್ರೊಸೆರಾ ಇದ್ರೆ ಎಲೆ ಕೂದಲಿನ ತುದೀಲಿ ಇಬ್ಬನಿ ಹನಿಯ ಹಾಗೆ ಅಂಟು ಹೊಳೀತದೆ, ಮಸೂರದಲ್ಲಿ ನೋಡಿದ್ರೆ ಸೊಳ್ಳೆ ಸಿಕ್ಕಿಬಿದ್ದಿರೋದೂ ಕಾಣ್ತದೆ. ಅಲ್ಲಲ್ಲಿ ಬಿಳಿ ಗುಂಡಿಯ ಹಾಗೆ ಕಡ್ಡಿ ಮೇಲೆ ನಿಂತಿರೋದು ಎರಿಯೋಕಾಲಾನ್. ಬಿಳಿ ಎಸಳಿಗೆ ನೇರಳೆ ತುದಿ ಅದ್ದಿದ ಹಾಗಿರೋದು ಎಕ್ಸಾಕಮ್. ಕೆಲವು ನೀಲಿ ಹೂವು ಮಧ್ಯಾಹ್ನದ ಮೇಲೆ ಮಾತ್ರ ಬಿಚ್ಚಿ ಸಂಜೆಗೆ ಮುಚ್ಕೊಳ್ತವೆ, ಹಾಗಾಗಿ ಬೆಳಿಗ್ಗೆ ಘಟ್ಟ, ಮಧ್ಯಾಹ್ನ ಕುಮಟಾದಲ್ಲಿ ಊಟ, ಆಮೇಲೆ ಗುಡ್ಡ ಅಂತ ಇಟ್ಕೊಂಡ್ರೆ ಎಲ್ಲಾ ಸರಿಹೋಗ್ತದೆ. ನನ್ನ ಕೇಳಿದ್ರೆ ಈ ಇಡೀ ದಾರೀಲಿ ಅತಿ ಹೆಚ್ಚು ಹೂವು ಇರೋದು ಈ ಬೋಳುಗುಡ್ಡದಲ್ಲೇ, ಆದ್ರೆ ಇದನ್ನ ಯಾರೂ ಕಾಡು ಅಂತ ಲೆಕ್ಕಕ್ಕೇ ಹಿಡಿಯೋದಿಲ್ಲ, ಕಲ್ಲು ಕೀಳ್ತಾರೆ ಇಲ್ಲಾ ಲೇಔಟ್ ಮಾಡ್ತಾರೆ.

ಹಂತ 6: ನಮ್ಮ ಗಿಡವೋ, ಹೊರಗಿಂದ ಬಂದದ್ದೋ

ಗಟ್ಟಿ ನಿಯಮ ಅಲ್ಲ, ಆದ್ರೆ ಒಂದು ಅಂದಾಜು: ಯಾವ ಹೂವು ರಸ್ತೆ ಉದ್ದಕ್ಕೂ, ಮೇಲಿಂದ ಕೆಳಗಿನ ತನಕ, ವರ್ಷ ಪೂರ್ತಿ ಒಂದೇ ಥರ ಕಾಣ್ತದೋ ಅದರ ಮೇಲೆ ಅನುಮಾನ ಪಡಿ. ಲಂಟಾನ ಅಮೆರಿಕ ಖಂಡದ್ದು, ಕಮ್ಯುನಿಸ್ಟ್ ಗಿಡ ಅಂತ ಕರೆಯೋ ಬಿಳಿ ತುಪ್ಪಳದ ಹೂವಿನ ಪೊದೆಯೂ ಅಲ್ಲೀದೇ. ಕಿತ್ತಳೆ ಬಣ್ಣದ ಕಾಸ್ಮೋಸ್ ಮೆಕ್ಸಿಕೋ ಕಡೇದು. ನಾಚಿಕೆಮುಳ್ಳು ಅಜ್ಜಿ ಕಾಲದಿಂದ ನೋಡ್ತಾ ಇದ್ದೀವಿ ಅಂದ್ರೂ ನಮ್ದಲ್ಲ. ಗುಲ್‌ಮೊಹರ್ ಮಡಗಾಸ್ಕರ್‌ದು. ಸಾಲು ಸಾಲಾಗಿ ಒಂದೇ ಎತ್ತರಕ್ಕೆ ನಿಂತ, ಕುಡಗೋಲಿನಂಥ ಎಲೆ, ಹಳದಿ ಧೂಳಿನಂಥ ಹೂವಿನ ನೆಡುತೋಪು ಅಕೇಶಿಯಾ, ಅದರ ಬುಡದಲ್ಲಿ ಹುಡುಕ್ತಾ ಹೊತ್ತು ಹಾಳು ಮಾಡ್ಬೇಡಿ. ಇಂಥ ಏಕಜಾತಿ ನೆಡುತೋಪಿಗೋಸ್ಕರ ಮಿಶ್ರ ಕಾಡು ಕಡಿಯೋದನ್ನ ತಡೀಲಿಕ್ಕೇ 1983ರ ಸೆಪ್ಟೆಂಬರಲ್ಲಿ ಸಿರ್ಸಿ ತಾಲೂಕಿನ ಸಾಲ್ಕಣಿಯವ್ರು ಮರ ಅಪ್ಪಿಕೊಂಡಿದ್ದು, ಅಪ್ಪಿಕೋ ಚಳವಳಿ ಶುರುವಾಗಿದ್ದು ಹಾಗೆ.

ಹಂತ 7: ಫೋಟೋ ಮತ್ತು ಹೆಸರು

ಹೂವಿನ ಒಂದೇ ಕ್ಲೋಸಪ್ ಇಟ್ಕೊಂಡು "ಇದ್ಯಾವ ಹೂವು?" ಅಂತ ಕೇಳಿದ್ರೆ ಪಂಡಿತರಿಗೂ ಹೇಳ್ಲಿಕ್ಕಾಗಲ್ಲ. ಗಿಡ ಪೂರ್ತಿ ಒಂದು, ಹೂವು ಮುಂದಿನಿಂದ ಒಂದು, ಪಕ್ಕದಿಂದ ಒಂದು, ಎಲೆ ಮೇಲೆ ಒಂದು, ಎಲೆಯ ಅಡಿಭಾಗ ಒಂದು, ಎಲೆಗಳು ಕಾಂಡಕ್ಕೆ ಎದುರುಬದುರು ಕೂತಿವೆಯಾ ಒಂದಾದ ಮೇಲೊಂದು ಬಂದಿವೆಯಾ ಅಂತ ಕಾಣೋ ಹಾಗೆ ಒಂದು, ಜಾಗ ಕಾಣೋ ಹಾಗೆ ಇನ್ನೊಂದು. ಅಳತೆಗೆ ಪಕ್ಕದಲ್ಲಿ ರೂಪಾಯಿ ನಾಣ್ಯ ಇಡಿ. ವಾಸನೆ, ಹಾಲು ಬರ್ತದಾ, ಎಷ್ಟು ಗಂಟೆಗೆ ಅರಳಿತ್ತು, ಇವು ಫೋಟೋದಲ್ಲಿ ಬರಲ್ಲ, ನೋಟ್‌ಬುಕ್ಕಿಗೆ ಬರೀರಿ.

ಗೂಗಲ್ ಲೆನ್ಸ್ ಕುಲದ ತನಕ ಪರವಾಗಿಲ್ಲ, ಜಾತಿ ವಿಷಯಕ್ಕೆ ನಂಬಬೇಡಿ, ಪಶ್ಚಿಮ ಘಟ್ಟದ್ದೇ ಆದ ಗಿಡಕ್ಕೆ ಯಾವ್ದೋ ಚೈನಾದ ಹೆಸರು ಕೊಟ್ಟು ಕೂರ್ತದೆ. ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಎರಡೂ ಒಳ್ಳೇದು, ತಿಳಿದವ್ರು ನೋಡಿ ತಿದ್ದುತಾರೆ. ಅಪರೂಪದ ಸೀತಾಳೆ, ಅಶೋಕ ಹಾಕುವಾಗ ಲೊಕೇಶನ್ ಮರೆಮಾಡೋ ಆಯ್ಕೆ ಒತ್ತಿ.

ಆದ್ರೆ ಕನ್ನಡದ ಹೆಸರು ಆ್ಯಪಲ್ಲಿ ಹೆಚ್ಚಾಗಿ ಸಿಗಲ್ಲ, ಅದಕ್ಕೆ ಊರಿನವ್ರೇ ಬೇಕು. ಚೌತಿ ಹೊತ್ತಿಗೆ ಬಂದ್ರೆ ಗಣಪತಿ ಮುಂದೆ ಕಟ್ಟೋ ಫಲಾವಳಿ ನೋಡಿ, ಕಾಡಿನ ಕಾಯಿ ಹೂವು ಬಳ್ಳಿ ಎಲ್ಲಾ ಒಂದೇ ಚೌಕಟ್ಟಲ್ಲಿ ತೂಗಾಡ್ತಿರ್ತದೆ, ಕಾರವಾರದ ಕೊಂಕಣಿಯವ್ರು ಮಾಟೋಳಿ ಅಂತಾರೆ. ಕಟ್ಟಿದವ್ರ ಹತ್ರ ಒಂದೊಂದನ್ನೇ ತೋರಿಸಿ "ಇದು ಎಂತದು, ಎಲ್ಲಿ ಸಿಕ್ತು" ಅಂತ ಕೇಳಿದ್ರೆ ಹೆಸರೂ ಜಾಗವೂ ಒಟ್ಟಿಗೇ ಸಿಗ್ತದೆ. ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡ ಅವರು ಶಾಲೆ ಮೆಟ್ಟಿಲು ಹತ್ತದೇ ಅರಣ್ಯ ಇಲಾಖೆ ನರ್ಸರೀಲಿ ಬೀಜ ಸಸಿ ಅಂತ ಕೆಲಸ ಮಾಡ್ತಾ ಪದ್ಮಶ್ರೀ ತನಕ ಹೋದ್ರು, 2024ರ ಡಿಸೆಂಬರಲ್ಲಿ ತೀರಿಕೊಂಡ್ರು. ಅಷ್ಟು ಅಲ್ಲದಿದ್ರೂ ಅಂಥಾ ತಿಳುವಳಿಕೆ ಇರೋ ಹಿರಿಯರು ಈ ಕ್ಷಣಕ್ಕೂ ಪ್ರತಿ ಊರಲ್ಲಿ ಒಬ್ರಾದ್ರೂ ಇರ್ತಾರೆ. ಒಂದೇ ಎಚ್ಚರ, ಒಂದೂರಿನ ಹೆಸರು ಪಕ್ಕದೂರಲ್ಲಿ ಬೇರೆ ಗಿಡಕ್ಕೆ ಇರ್ತದೆ, ಕರ್ಣಕುಂಡಲಕ್ಕೂ ಕೆಲವರು ಗೌರಿ ಹೂವು ಅಂತಲೇ ಹೇಳೋದು. ಹಾಗಾಗಿ ಹೆಸರಿನ ಪಕ್ಕ ಯಾವ ಊರಿನವ್ರು ಹೇಳಿದ್ದು ಅಂತ ಬರ್ಕೊಳ್ಳಿ.

ಹಂತ 8: ಮುಟ್ಟಬಾರದ್ದು, ಕೀಳಬಾರದ್ದು

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಗಿಡ ಕೀಳೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, ಉಳಿದ ಅರಣ್ಯಕ್ಕೂ ಕರ್ನಾಟಕ ಅರಣ್ಯ ಕಾಯ್ದೆ ಇದೆ. ಕಾಯ್ದೆ ಪಕ್ಕಕ್ಕಿಟ್ರೂ ಸೀತಾಳೆ ಕಿತ್ತು ತಂದ್ರೆ ಬದುಕೋದು ಕಷ್ಟ, ಅದರ ಬೇರಿಗೆ ಆ ಮರದ ತೊಗಟೆಯ ಶಿಲೀಂಧ್ರ, ಆ ತೇವ ಎಲ್ಲಾ ಬೇಕು.

ನಿಮ್ಮ ಮೈಗೆ ಆಗದ್ದೂ ಇವೆ. ಹೊಳೆಗೇರಿನ ಮರದ ಸೊನೆ ತಾಗಿದ್ರೆ ಚರ್ಮ ಸುಟ್ಟ ಹಾಗೆ ಬೊಬ್ಬೆ ಬರ್ತದೆ, ಕಾಂಡದ ಮೇಲೆ ಕಪ್ಪು ಸೊನೆ ಒಸರಿ ಒಣಗಿದ ಗುರುತಿದ್ರೆ ಆ ಮರಕ್ಕೆ ಒರಗಬೇಡಿ. ನಸುಗುನ್ನಿ ಹೂವು ಗಾಢ ನೇರಳೆ, ನೋಡ್ಲಿಕ್ಕೆ ಬಹಳ ಚೆಂದ, ಕಾಯಿ ಮೇಲಿನ ಕಂದು ರೋಮ ಗಾಳೀಲಿ ಬಂದು ತಾಗಿದ್ರೂ ತುರಿಸಿ ತುರಿಸಿ ಸಾಕಾಗ್ತದೆ. ಗಾಳಿ ಬರೋ ದಿಕ್ಕು ನೋಡಿ ನಿಂತ್ಕೊಳ್ಳಿ. ಧರೆ ಸಂದಿಗೆ, ಬಂಡೆ ಅಡಿಗೆ ಕೈ ಹಾಕಬೇಡಿ, ಮಳೆಗಾಲದಲ್ಲಿ ಹಸಿರು ಮಂಡಲದ ಜಾತಿ ಹಾವುಗಳು ಎದೆಮಟ್ಟದ ಕೊಂಬೇಲೂ ಅಲುಗಾಡದೇ ಕೂತಿರ್ತವೆ.

ಡಿಸೆಂಬರಿಂದ ಮೇ ತನಕ ಬರೋರಿಗೆ ಉಂಬಳ ಇರಲ್ಲ, ಉಣುಗು (ಉಣ್ಣೆ ಹುಳ) ಇರ್ತದೆ, ಮತ್ತು ಅದು ಉಂಬಳಕ್ಕಿಂತ ಎಷ್ಟೋ ಕೆಟ್ಟದ್ದು. 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡೋದು ಇದರಿಂದಲೇ, ಸಿದ್ದಾಪುರ ತಾಲೂಕಲ್ಲಿ ಜನ ಸತ್ತಿದ್ದೂ ಇದೆ. ದರಕಿನ ರಾಶಿ ಮೇಲೆ ಕೂರಬೇಡಿ, ಮಲಗಿ ಫೋಟೋ ತೆಗೀಬೇಡಿ. ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವ್ರು ಕೊಡೋ ಡೆಪಾ ಎಣ್ಣೆ ಸಿಕ್ಕಿದ್ರೆ ಕೈಕಾಲಿಗೆ ಹಚ್ಚಿ ಹೋಗಿ. ಸತ್ತ ಮಂಗ ಕಂಡ್ರೆ ಹತ್ತಿರ ಹೋಗ್ಲೇಬೇಡಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಿ. ಮನೆಗೆ ಬಂದ ಕೂಡ್ಲೇ ಬಿಸಿನೀರು ಸ್ನಾನ, ಬಟ್ಟೆ ಬಿಸಿನೀರಿಗೆ. ಮುಂದಿನ ಒಂದು ವಾರದಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಶುರುವಾದ್ರೆ ಮಾತ್ರೆ ನುಂಗಿ ಮಲಗ್ದೇ ಡಾಕ್ಟರ ಹತ್ರ ಹೋಗಿ, ಕಾಡಿಗೆ ಹೋಗಿದ್ದೆ ಅಂತ ನೀವಾಗಿ ಹೇಳಿ, ಅವ್ರು ಕೇಳೋ ತನಕ ಕಾಯಬೇಡಿ.